ಹದಿನೇಳು ಎಳೆಯ ಲೆಕ್ಕ

ತಾತನ ಬಲಗೈ ಹೆಬ್ಬೆರಳ ತುದಿಯಲ್ಲಿ ಒಂದು ಸಣ್ಣ ಗೀರು ಇತ್ತು. ಚಾಕುವಿನದಲ್ಲ, ನೂಲಿನದು. ಐವತ್ತು ವರ್ಷ ನೂಲಿನ ಎಳೆ ಅದೇ ಜಾಗವನ್ನು ಉಜ್ಜಿ ಉಜ್ಜಿ, ಚರ್ಮ ತಾನಾಗಿಯೇ ದಾರಿ ಬಿಟ್ಟುಕೊಟ್ಟಿತ್ತು. ಆ ಗೀರಿನಲ್ಲಿ ಯಾವಾಗಲೂ ಚೂರು ಬೂದಿ ಕೂತಿರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಅಂದು ಬೆಳಿಗ್ಗೆ ನಾನು ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ಐದು ಚುಕ್ಕೆಯ ಸಣ್ಣ ರಂಗೋಲಿ ಬಿಟ್ಟೆ. ಡಿಕಾಕ್ಷನ್ ಇಳಿಯಲು ಬಿಟ್ಟು ಹಾಲು ಕಾಯಿಸಿದೆ. ಗೂಡಿನಿಂದ ಎರಡು ಲೋಟ ತೆಗೆದು, ಒಂದನ್ನು ವಾಪಸ್ ಇಟ್ಟೆ. ಯಜಮಾನರು ಹೋಗಿ ಎರಡು ವರ್ಷವಾದರೂ ಕೈ ಎರಡನ್ನೇ ತೆಗೆಯುತ್ತದೆ. ಆಮೇಲೆ ಮೇಜಿನ ಮೇಲೆ ಸ್ಕೇಲು, ಪೆನ್ಸಿಲು, ರಬ್ಬರು ಇಟ್ಟುಕೊಂಡು ಹಾಳೆ ಬಿಡಿಸಿದೆ. ತಾತನ ಇಪ್ಪತ್ತು ಭಾಗಾಕಾರಗಳಲ್ಲಿ ಹತ್ತೊಂಬತ್ತು ಹಿಂದಿನ ದಿನವೇ ಮುಗಿದಿದ್ದವು. ಇಪ್ಪತ್ತನೆಯದು ಉಳಿದಿತ್ತು.

ತಿರುಪ್ಪೂರಿನ ಕಡೆಯ ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ಎಲ್ಲರೂ ತಾತನನ್ನು ಕೆಚ್ಚುವ ತಾತ ಎನ್ನುತ್ತಿದ್ದರು. ಮಗ್ಗದಲ್ಲಿ ಉದ್ದದ ಎಳೆಗಳ ಒಂದು ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕಳಚಿ ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯದರ ಒಂದೊಂದಕ್ಕೆ ಹೊಸೆದು ಸೇರಿಸುತ್ತಾರೆ. ಅದೇ ಕೆಚ್ಚುವುದು. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಬೆರಳು ಜಾರದಿರಲೆಂದು ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ಬೂದಿ. ಸುತ್ತಲಿನ ಮಗ್ಗಗಳೆಲ್ಲ ದಡಬಡ ಓಡುತ್ತಿರುವಾಗ, ನಿಂತ ಒಂದು ಮಗ್ಗದ ಹಿಂದೆ ಒಬ್ಬರೇ ಕೂತು ಮಾಡುವ ಕೆಲಸ ಅದು.

ನಾನು ಬೆಳೆದದ್ದು ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ನಮ್ಮ ತಂದೆ ಮೈಸೂರು ಕಡೆಯಿಂದ ಬಂದು ಅಲ್ಲಿ ವರ್ಕ್‌ಶಾಪಿಗೆ ಸೇರಿದವರು. ಕನ್ನಡ ಅಕ್ಷರ ಅವರಿಂದ ಬಂತು, ಉಳಿದದ್ದೆಲ್ಲ ಕಾನ್ವೆಂಟಿನಿಂದ. ಮದುವೆಯಾಗಿ ಬಂದ ಮನೆಯಲ್ಲಿ ತಲೆತಲಾಂತರದಿಂದ ತಮಿಳು ಬೆರೆತ ಕನ್ನಡ ಮಾತು ಇತ್ತು, ಅಕ್ಷರ ಇರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗ. ಹಾಸು ಕೆಚ್ಚಲು ತಾತ ಬಂದಾಗೆಲ್ಲ ಹನ್ನೊಂದು ಗಂಟೆಗೆ ನಾನು ಟೀ ತೆಗೆದುಕೊಂಡು ಹೋಗುತ್ತಿದ್ದೆ. ಅವರು ಬೆರಳಲ್ಲಿ ಎಳೆ ಹೊಸೆಯುತ್ತ ಬಾಯಲ್ಲಿ ಏನೋ ಗುನುಗುತ್ತಿರುತ್ತಿದ್ದರು. ಜಪವಿರಬೇಕೆಂದು ಬಹಳ ದಿನ ಸುಮ್ಮನಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ.

"ತಾತಾ, ಎಳೆ ಎಣಿಸ್ತಾ ಇದ್ದೀರಾ?"

"ಎಳೆ ಯಾಕಮ್ಮಾ ಎಣಿಸ್ಬೇಕು? ಅದು ಅದರ ಪಾಡಿಗೆ ಬರುತ್ತೆ. ನಾ ಕಣಕ್ಕು ಪೋಡ್ತಾ ಇದ್ದೀನಿ, ಲೆಕ್ಕ."

ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದರು. ನೂಲಿನ ಕೋನಿಗೆ ಸುತ್ತಿ ಬರುವ ಕಾಗದ. ಅದರ ತಲೆಯ ಮೇಲೆ ಹದಿನೇಳು ಒಂದುಗಳು ಸಾಲಾಗಿ ನಿಂತಿದ್ದವು:

11111111111111111

"ಇವು ಹದಿನೇಳು ಎಳೆ. ಪಕ್ಕಪಕ್ಕ ನಿಲ್ಸಿದ್ರೆ ಒಂದೇ ನಂಬರು," ಎಂದರು. "ಎರಡು ಎಳೆ ನಿಲ್ಸು, ಹನ್ನೊಂದು. ಅದು ಒಡೆಯಲ್ಲ. ಮೂರು ನಿಲ್ಸು, ನೂರಾಹನ್ನೊಂದು. ಮೂರು ಸಲ ಮೂವತ್ತೇಳು, ಒಡೀತು. ಐದು ನಿಲ್ಸಿದ್ರೆ ನಲವತ್ತೊಂದು ಸಲ ಇನ್ನೂರೆಪ್ಪತ್ತೊಂದು. ಹದಿನೇಳೂ ಒಡೆಯುತ್ತೆ. ಎಲ್ಲಿ ಅಂತ ನನಗೆ ಗೊತ್ತಿಲ್ಲ, ಅಷ್ಟೆ."

"ಎಲ್ಲಿ ಅಂತ ಗೊತ್ತಿಲ್ಲದೆ ಒಡೆಯುತ್ತೆ ಅಂತ ಹೇಗೆ ಗೊತ್ತು?"

"ನಿನಗೆ ಹಲ್ಲು ನೋವಿದ್ರೆ ಯಾವ ಹಲ್ಲು ಅಂತ ಗೊತ್ತಾಗೋಕೆ ಮುಂಚೆ ನೋವು ಅಂತ ಗೊತ್ತಾಗಲ್ವಾ?"

ಆಮೇಲೆ ನಗುತ್ತ ನಿಜ ಹೇಳಿದರು. ಎಷ್ಟೋ ವರ್ಷದ ಹಿಂದೆ ಸರ್ಕಾರಿ ಶಾಲೆಯ ಲೆಕ್ಕದ ಮೇಷ್ಟರೊಬ್ಬರು ಅವರಿಗೆ ಹೇಳಿದ್ದಂತೆ. ಹದಿನೇಳನ್ನು ಸಮನಾಗಿ ಗುಂಪು ಮಾಡಲು ಬರುವುದಿಲ್ಲ, ಆದ್ದರಿಂದ ಈ ಸಂಖ್ಯೆ ಮೇಲುನೋಟಕ್ಕೆ ಗಟ್ಟಿ ಕಾಣುತ್ತದೆ. ಆದರೂ ಒಡೆಯುತ್ತದೆ ಎಂದು ಓದಿದ ನೆನಪು ಮೇಷ್ಟರಿಗೆ, ಯಾವುದರಿಂದ ಎಂಬುದು ಮರೆತಿತ್ತು. ಒಂದು ಸುಳಿವು ಮಾತ್ರ ಕೊಟ್ಟಿದ್ದರು: ಇದನ್ನು ಒಡೆಯುವ ಸಂಖ್ಯೆ ಯಾವುದಾದರೂ ಆಗಲಿ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಬೇಕು. ಮೇಷ್ಟರಿಗೆ ವರ್ಗವಾಯಿತು. ತಾತ ಆ ಸುಳಿವು ಹಿಡಿದುಕೊಂಡು ನೂರಾಮೂರು, ನೂರಾಮೂವತ್ತೇಳು ಎಂದು ಹೊರಟವರು ನಾನು ನೋಡುವ ಹೊತ್ತಿಗೆ ಲಕ್ಷಗಳನ್ನು ದಾಟಿದ್ದರು. ಮೂರು, ಐದು, ಏಳರಂಥ ಸಣ್ಣವುಗಳಿಂದ ಒಡೆಯುವುದನ್ನೆಲ್ಲ ಮೊದಲೇ ಹೊಡೆದುಹಾಕಿ, ಉಳಿದ ಒಂದೊಂದರಿಂದಲೂ ಆ ಹದಿನೇಳು ಒಂದುಗಳನ್ನು ಕೈಯಲ್ಲೇ ಭಾಗಿಸುತ್ತಿದ್ದರು. ಕೊನೆಯಲ್ಲಿ ಶೇಷ ಸೊನ್ನೆ ಬಂದರೆ ಲೆಕ್ಕ ಮುಗಿಯಿತು. ಸೊನ್ನೆ ಬರುತ್ತಿರಲಿಲ್ಲ.

ನನ್ನ ಯಜಮಾನರು ಒಮ್ಮೆ ಫೋನು ಹಿಡಿದುಕೊಂಡು, "ತಾತಾ, ಇರಿ, ಒಂದು ನಿಮಿಷದಲ್ಲಿ ಹೇಳ್ತೀನಿ" ಎಂದಿದ್ದರು.

"ಬೇಡ ಸಾಮಿ. ಫೋನ್ ಹೇಳಿದ್ರೆ ಅದು ಫೋನಿಗೆ ಗೊತ್ತಾಯ್ತು. ನನಗೆ ಗೊತ್ತಾಗೋದು ಯಾವಾಗ?" ಎಂದು ನನ್ನ ಕಡೆ ತಿರುಗಿ, "ಕಾನ್ವೆಂಟಮ್ಮಾ, ನೀನೂ ನೋಡ್ಬಾರದು" ಎಂದರು.

ನೋಡುವುದಿಲ್ಲ ಎಂದು ಮಾತು ಕೊಟ್ಟೆ. ಕಾನ್ವೆಂಟಿನಲ್ಲಿ ನಮಗೆ ಮಾತು ಕೊಡುವಾಗ ಎದೆಯ ಮೇಲೆ ಕೈ ಇಡಲು ಕಲಿಸಿದ್ದರು. ಅಂದೂ ಕೈ ತಾನಾಗಿ ಹೋಯಿತು. ತಾತ ಅದನ್ನು ನೋಡಿ ಬಹಳ ಹೊತ್ತು ನಕ್ಕರು.

ಅವರ ಕಣ್ಣು ಮಂಜಾದಾಗ ಪೀಳಮೇಡಿನ ಒಂದು ಆಸ್ಪತ್ರೆಗೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಎದುರು ಬಂದ ಗಾಡಿಗಳ ನಂಬರುಗಳನ್ನು ನಾನು ಓದುವುದು, ಅವರು ಒಡೆಯುವುದು. "ಎರಡು ಸಾವಿರದ ನಾನೂರ ಎಪ್ಪತ್ತೊಂಬತ್ತು," ಎಂದೆ. ಅವರು ಕಣ್ಣು ಮುಚ್ಚಿ, ಒಂದು ಸ್ಟಾಪು ಕಳೆಯುವಷ್ಟರಲ್ಲಿ, "ಮೂವತ್ತೇಳು ಅರವತ್ತೇಳ್ಲ" ಎಂದರು. ಆಸ್ಪತ್ರೆಯಲ್ಲಿ ಗೋಡೆಯ ಅಕ್ಷರ ಓದಿ ಎಂದ ಹುಡುಗಿಗೆ, "ಅಕ್ಷರ ನನಗೆ ಯಾವಾಗ್ಲೂ ತೆರಿಯಲ್ಲ ಕಣ್ಣು, ಓದೋಕೆ ಬರಲ್ಲ. ನಂಬರ್ ಇದ್ರೆ ಕಾಟು, ನೋಡ್ತೀನಿ" ಎಂದರು. ಪ್ರೀತಿ ಬಂದವರನ್ನೆಲ್ಲ ಅವರು ಕಣ್ಣು ಎಂದೇ ಕರೆಯುತ್ತಿದ್ದರು. ಎರಡು ಕಣ್ಣಿಗೂ ಔಷಧ ಬಿಟ್ಟು ಕೂರಿಸಿದ್ದಾಗ ಮೆಲ್ಲಗೆ ಕೇಳಿದರು. "ನೀ ಬರೆಯೋ ಕೈಯೆಳುತ್ತು ಚೆನ್ನಾಗಿದೆ ಅಂತಾರೆ. ನನಗೆ ದಿನಕ್ಕೆ ಐದು ಭಾಗಾಕಾರ ಮಾಡಿ ಕೊಡ್ತೀಯಾ?"

ಲೆಕ್ಕದಲ್ಲಿ ನನಗೆ ಎಂದೂ ಒಳ್ಳೆಯ ಅಂಕ ಬಂದದ್ದಿಲ್ಲ. ಸಿಸ್ಟರುಗಳು ಮೆಚ್ಚಿದ್ದು ನಾನು ಹಾಳೆಯ ಅಂಚಿಗೆ ಎಳೆಯುತ್ತಿದ್ದ ನೇರ ಗೆರೆಯನ್ನು. ಆದರೂ ಒಪ್ಪಿಕೊಂಡೆ. ಮೊದಲ ದಿನ ಉತ್ಸಾಹದಲ್ಲಿ ಕನ್ನಡದ ಅಂಕಿಯಲ್ಲೇ ಬರೆದು ಒಯ್ದೆ. ತಾತ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, "ಇದೇನಮ್ಮಾ, ಹದಿನೇಳು ಸೊನ್ನೆ ಬಾಲ ಬಿಟ್ಕೊಂಡು ನಿಂತಿವೆ" ಎಂದರು. ಅವರಿಗೆ ಬೇಕಾಗಿದ್ದದ್ದು ಹಾಸಿನ ಎಳೆಯಂತೆ ನೆಟ್ಟಗೆ ನಿಂತ ಒಂದು. ಹಾಗೆ ಬರೆದರೆ ಆ ಭಾಗಾಕಾರ ನಿಜಕ್ಕೂ ನೇಯ್ಗೆಯ ಹಾಗೇ ಇರುತ್ತಿತ್ತು. ಮೊದಲು ಎಂಟು ಒಂದುಗಳನ್ನು ಒಟ್ಟಿಗೆ ಹಿಡಿದು ಭಾಗಿಸುವುದು. ಉಳಿದದ್ದರ ಪಕ್ಕಕ್ಕೆ ಮೇಲಿನಿಂದ ಇನ್ನೊಂದು ಒಂದನ್ನು ಇಳಿಸುವುದು. ಮತ್ತೆ ಭಾಗಿಸುವುದು, ಮತ್ತೊಂದು ಒಂದು. ಪ್ರತಿ ಸಲವೂ ಕೆಳಗಿಳಿದು ಬರುವುದು ಅದೇ ಒಂದು ಎಳೆ. ತಾತ ಭೂತಗನ್ನಡಿಯಲ್ಲಿ ಅದನ್ನೆಲ್ಲ ಒಂದೊಂದೇ ಸಾಲು ನೋಡಿ, ಸರಿಯಿದ್ದರೆ ಹಾಳೆಯ ಮೂಲೆಯಲ್ಲಿ ಬೂದಿಯ ಹೆಬ್ಬೆರಳು ಒತ್ತುತ್ತಿದ್ದರು. ಅದೇ ಅವರ ಸಹಿ.

ಪಕ್ಕದ ಮನೆಯಲ್ಲಿ ಬಾಬಿನ್ ಸುತ್ತುವ ಅಕ್ಕ ಒಬ್ಬರಿದ್ದಾರೆ. ನಮ್ಮಿಬ್ಬರನ್ನು ನೋಡಿದಾಗಲೆಲ್ಲ, "ಏನು, ಸೊನ್ನೆ ಸಿಕ್ತಾ? ನಿಮ್ಮನ್ನ ನಂಬಿ ನಾ ಬಾಯಿ ತೆರ್ಕೊಂಡು ಕೂತಿದ್ದೀನಿ" ಎಂದು ಕೆಣಕುತ್ತಿದ್ದರು. ಸೊನ್ನೆ ಬಂದ ದಿನ ಬೀದಿಗೆಲ್ಲ ಮೈಸೂರ್ ಪಾಕ್ ಹಂಚುವುದಾಗಿ ತಾತ ಹೇಳಿಟ್ಟಿದ್ದರಲ್ಲ, ಅದಕ್ಕೆ.

ಎರಡು ವರ್ಷದ ಹಿಂದೆ ತಿರುಪ್ಪೂರಿನಿಂದ ವಾಪಸಾಗುವ ಬಸ್ಸಿನಲ್ಲಿ ನನ್ನ ಯಜಮಾನರು ಕೂತಲ್ಲೇ ಹೋಗಿಬಿಟ್ಟರು. ಪಕ್ಕದ ಸೀಟಿನವರು ನಿದ್ದೆ ಎಂದುಕೊಂಡಿದ್ದರಂತೆ. ಕಾರ್ಯವೆಲ್ಲ ಮುಗಿದ ಮೇಲೆ ಪೋತ್ತನೂರಿನಲ್ಲಿ ಅಮ್ಮನ ಮನೆಯಲ್ಲಿ ಮೂರು ತಿಂಗಳಿದ್ದೆ. ತಿರುಗಿ ಬಂದಾಗ ಶೆಡ್ಡು ಖಾಲಿಯಾಗಿತ್ತು. ನಡೆಸುವವರಿಲ್ಲವೆಂದು ಮೈದುನ ನಾಲ್ಕು ಮಗ್ಗಗಳನ್ನೂ ತನ್ನ ಶೆಡ್ಡಿಗೆ ಸಾಗಿಸಿದ್ದರು. ನಾನೇ ಆಗಲಿ ಎಂದಿದ್ದೆ. ಆದರೆ ಇಪ್ಪತ್ತೆರಡು ವರ್ಷ ಆ ಸದ್ದಿನ ಮೇಲೇ ಅಡುಗೆ ಮಾಡಿದವಳು, ಆ ಸದ್ದಿನ ಮೇಲೇ ಮಲಗಿದವಳು. ಸದ್ದಿಲ್ಲದ ಮನೆಯಲ್ಲಿ ಗಡಿಯಾರ ಕೇಳಿಸತೊಡಗಿತು. ಫ್ರಿಜ್ಜು ತನ್ನಷ್ಟಕ್ಕೆ ಒಮ್ಮೆ ನಡುಗಿ ನಿಲ್ಲುವುದು ಕೇಳಿಸಿತು. ಸಾರಿಗೆ ಒಬ್ಬರ ಅಳತೆಯ ಬೇಳೆ ಎಷ್ಟು ಎಂದು ಗೊತ್ತಾಗದೆ, ಲೋಟ ಹಿಡಿದುಕೊಂಡು ನಿಂತೇ ಇದ್ದೆ.

ಮೂರನೆಯ ದಿನ ತಾತ ಕೋಲೂರಿಕೊಂಡು ಬಂದರು. ಹಿತ್ತಲಿಗೆ ಹೋಗಿ ಖಾಲಿ ಶೆಡ್ಡನ್ನು ನೋಡಿದರು. ನೆಲದ ಮೇಲೆ ಮಗ್ಗದ ಕಾಲುಗಳಿದ್ದ ಗುರುತನ್ನು ಕೋಲಿನಿಂದ ಮುಟ್ಟಿದರು. ಬಂದು ಕುರ್ಚಿಯಲ್ಲಿ ಕೂತು ಜೇಬಿನಿಂದ ಹಾಳೆ ತೆಗೆದರು.

"ಇನ್ಮೇಲೆ ದಿನಕ್ಕೆ ಹತ್ತು ಮಾಡು," ಎಂದರು. "ತರಿ ಖಾಲಿ ನಿಲ್ಬಾರದು, ಮಗ್ಗ ಅಂದ್ಮೇಲೆ ಎಳೆ ಇರ್ಬೇಕು. ಹಳೆ ಎಳೆ ತುದಿ ಇರೋವಾಗ್ಲೇ ಹೊಸದನ್ನ ಕೆಚ್ಚಿಬಿಡ್ಬೇಕು."

ಆ ಹಾಳೆಯ ಮೊದಲ ಭಾಜಕ 2071757. ನನಗೆ ಈಗಲೂ ಬಾಯಿಗೆ ಬರುತ್ತದೆ. ಅಂದು ಸಂಜೆ ಅದನ್ನು ಭಾಗಿಸಲು ಕೂತವಳು ಗಡಿಯಾರದ ಸದ್ದನ್ನು ಮರೆತೆ. ಮನೆಗೆ ತಿರುಗಿ ಬಂದ ಮೇಲೆ ಮೊದಲ ಬಾರಿಗೆ ಮರೆತದ್ದು.

ಹೀಗೆ ಎರಡು ವರ್ಷ. ಬೆಳಿಗ್ಗೆ ಒಂಬತ್ತೂವರೆಗೆ ಅವರ ಮನೆಗೆ ಹೋಗುವುದು, ಮುಗಿದ ಹಾಳೆ ಕೊಡುವುದು, ಹೊಸದನ್ನು ತರುವುದು. ಅವರ ಮಗಳು ಒಂದು ಲೋಟ ಕಾಫಿ ಕೊಡುತ್ತಿದ್ದಳು. ದಿನದಲ್ಲಿ ನಾನು ಇನ್ನೊಬ್ಬರ ಜೊತೆ ಕೂತು ಕುಡಿಯುವ ಕಾಫಿ ಅದೊಂದೇ. ಒಡೆಯದ ಸಂಖ್ಯೆಗಳನ್ನು ತಾತ ಒಂಟಿ ಎನ್ನುತ್ತಿದ್ದರು. "ಹದಿನೇಳು ಒಂಟಿ. ಅದರ ಜೊತೆ ಯಾರೂ ಇಲ್ಲ. ಆದ್ರೆ ಹದಿನೇಳು ಎಳೆ ಸೇರಿ ನಿಂತ ಈ ದೊಡ್ಡದಿದೆಯಲ್ಲ, ಇದು ಒಂಟಿ ಥರ ಕಾಣುತ್ತೆ, ಅಲ್ಲ." ಮೊದಲೆಲ್ಲ "ಒಳಗೆ ಯಾರೋ ಇದ್ದಾರೆ" ಎನ್ನುತ್ತಿದ್ದರು. ಆಮೇಲಾಮೇಲೆ "ಒಳಗೆ ಇಬ್ಬರಿದ್ದಾರೆ ಕಣ್ಣು, ಇಬ್ಬರೇ" ಎನ್ನತೊಡಗಿದರು. ವಯಸ್ಸಾದವರ ಮಾತು, ನಾನು ಅದನ್ನು ತೂಗಿ ನೋಡಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಕಾಲು ಊದಿತು, ಮಾತು ಸಣ್ಣದಾಯಿತು. ಡಾಕ್ಟರು ಮಗಳಿಗೆ ಹೇಳಬೇಕಾದದ್ದನ್ನು ಹೇಳಿದರು. ನನಗೆ ಆಗ ಒಂದೇ ಚಿಂತೆ ಹತ್ತಿಕೊಂಡಿತು: ಅವರು ಹೋಗುವ ಮೊದಲು ಆ ಸೊನ್ನೆ ಬರಬೇಕು. ಹತ್ತರ ಬದಲು ಇಪ್ಪತ್ತು ಮಾಡಿದೆ. ಬೆರಳಿನ ಬದಿಯಲ್ಲಿ ಗಂಟಾಯಿತು. ಒಂದು ಮಧ್ಯಾಹ್ನ ಫೋನು ತೆಗೆದು ಹದಿನೇಳು ಒಂದುಗಳನ್ನು ಒತ್ತಿಯೂ ಬಿಟ್ಟೆ. ಒತ್ತಬೇಕಾದ ಇನ್ನೊಂದು ಗುಂಡಿ ಮಾತ್ರ ಉಳಿದಿತ್ತು. ಎದೆಯ ಮೇಲೆ ಕೈಯಿಟ್ಟದ್ದು ನೆನಪಾಯಿತು. ಒಂದೊಂದಾಗಿ ಹದಿನೇಳನ್ನೂ ಅಳಿಸಿದೆ.

ಅಂದು ಬೆಳಿಗ್ಗೆ ಇಪ್ಪತ್ತನೆಯ ಲೆಕ್ಕಕ್ಕೆ ಕೂತಾಗ ಭಾಜಕ 2692801. ಮೊದಲ ಏಳೆಂಟು ಹೆಜ್ಜೆ ಸರಿಯಾಗೇ ಮಾಡಿದೆ. ಆಮೇಲೆ ಪೆನ್ಸಿಲು ನಿಂತಿತು. ಹಿಂದಿನ ಸಂಜೆ ಅವರ ಮಗಳು ನೀರನ್ನು ಹತ್ತಿಯಲ್ಲಿ ಅದ್ದಿ ಅವರ ತುಟಿಗೆ ಒತ್ತುತ್ತಿದ್ದುದು ಕಣ್ಣ ಮುಂದೆ ಬಂತು. ಕೊನೆಯ ಎರಡು ಸಾಲುಗಳನ್ನು ನಾನು ನನಗೆ ಬೇಕಾದ ಹಾಗೆ ಬರೆದೆ. ಕೆಳಗೆ ಒಂದು ಗುಂಡಗಿನ ಸೊನ್ನೆ ಹಾಕಿ, ಸ್ಕೇಲಿಟ್ಟು ಎರಡು ಗೆರೆ ಎಳೆದೆ. ಹಾಳೆ ಎಂದಿಗಿಂತ ಅಂದವಾಗಿ ಕಂಡಿತು.

ಒಂಬತ್ತೂವರೆಗೆ ಹೋದೆ. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕಿವಿಯ ಹತ್ತಿರ ಬಾಗಿ, "ತಾತಾ, ಸೊನ್ನೆ ಬಂತು" ಎಂದೆ.

ಅವರು ಕಣ್ಣು ತೆರೆದರು. ನನ್ನ ಕಡೆ ತಲೆ ತಿರುಗಿಸಿದರು. ಆಮೇಲೆ ಕೇಳಿದರು, "ಭಾಗಿಸಿದ ನಂಬರಿನ ಕೊನೇ ಅಂಕಿ ಏನು?"

"ಒಂದು."

"ಮೇಲೆ ಬಂದ ಉತ್ತರದ ಕೊನೇ ಅಂಕಿ?"

ನೋಡಿದೆ. "ಏಳು."

"ಏಳೊಂದ್ಲ?"

"ಏಳು."

"ನಮ್ಮ ಹಾಸಿನ ಕೊನೇ ಎಳೆ ಯಾವುದು?"

ಹಾಳೆಯ ತಲೆಯ ಸಾಲು ನೋಡಿದೆ. ಹದಿನೇಳು ಒಂದುಗಳ ಕೊನೆಯಲ್ಲಿ ನಿಂತಿರುವುದೂ ಒಂದೇ, ಏಳಲ್ಲ. ಮೂರನೇ ಕ್ಲಾಸಿನ ಮಗುವೂ ಹಿಡಿಯುವ ತಪ್ಪು. ಸುಳ್ಳು ಹೇಳುವುದಕ್ಕೂ ನನಗೆ ಲೆಕ್ಕ ಸಾಲದೆ ಹೋಯಿತು. ಹಾಳೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ತಾತ ಕೈ ಎತ್ತಲು ನೋಡಿದರು. ನಾನೇ ಹಿಡಿದುಕೊಂಡೆ. ಹೆಬ್ಬೆರಳಿನ ಗೀರು ನನ್ನ ಅಂಗೈಗೆ ತಗುಲಿತು.

"ಎಲ್ಲೋ ಒಂದು ಎಳೆ ಜಾರಿದೆ, ಅಷ್ಟೆ. ಪರವಾಯಿಲ್ಲ," ಎಂದರು. ಉಸಿರು ಹಿಡಿಯಲು ನಿಂತು ಮತ್ತೆ, "ಮುಂದಿನ ನಂಬರ್ ಎಡು, ತಗೋ. ನಿಲ್ಲಿಸ್ಬೇಡ ಕಣ್ಣು" ಎಂದರು.

ಅದೇ ಅವರು ನನಗೆ ಆಡಿದ ಕೊನೆಯ ಮಾತು. ಹನ್ನೊಂದು ಗಂಟೆಗೆ, ಹಿಂದೆಲ್ಲ ನಾನು ಶೆಡ್ಡಿಗೆ ಟೀ ಒಯ್ಯುತ್ತಿದ್ದ ಹೊತ್ತಿಗೆ, ಉಸಿರು ನಿಂತಿತು. ಅವರ ಮಗಳು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಾಗ ನಾನು ಕಾಯಿಸಿದ ಹಾಲು ಮುಚ್ಚುತ್ತಿದ್ದೆ.

ಮಧ್ಯಾಹ್ನವೆಲ್ಲ ಹೆಂಗಸರ ನಡುವೆ ಕೂತಿದ್ದೆ. ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ನಮ್ಮ ಬೀದಿ ಅಷ್ಟು ಸುಮ್ಮನಿದ್ದುದನ್ನು ನಾನು ನೋಡಿರಲಿಲ್ಲ. ನನ್ನ ಮನೆಯ ಒಳಗಿನ ಸದ್ದಿಲ್ಲದಿರುವಿಕೆ ಹೊರಗೆ ಬಂದು ಬೀದಿಯಲ್ಲಿ ಕೂತ ಹಾಗಿತ್ತು. ಯಾರೋ ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಹೆಬ್ಬೆರಳ ಗೀರನ್ನು ಸೋಪಿನಿಂದ ತಿಕ್ಕಿದ್ದರು. ಆದರೂ ಬೂದಿ ಹೋಗಿರಲಿಲ್ಲ. ಸೊಂಟದಲ್ಲಿ ಮಡಿಚಿಟ್ಟ ಹಾಳೆ ಕೂತಾಗ ಎದ್ದಾಗ ಚುಚ್ಚುತ್ತಿತ್ತು. ಅರ್ಧ ಆಯುಸ್ಸು ಒಂದು ಸೊನ್ನೆಗಾಗಿ ಕಾದ ಮನುಷ್ಯ. ಅವರಿಗೆ ಕೊನೆಯಲ್ಲಿ ನಾನು ಒಯ್ದು ಕೊಟ್ಟದ್ದು ಸುಳ್ಳು ಸೊನ್ನೆ, ಅದೂ ಕೈಗೆ ಸಿಕ್ಕಿಬಿದ್ದ ಸುಳ್ಳು. ನಿಜವಾದದ್ದನ್ನು ಕಾಣದೆಯೇ ಹೋದರು. ನಾನು ಇನ್ನಷ್ಟು ಬೇಗ ಮಾಡಬಹುದಿತ್ತು. ಅಮ್ಮನ ಮನೆಯಲ್ಲಿ ಗೋಡೆ ನೋಡುತ್ತ ಕಳೆದ ಮೂರು ತಿಂಗಳನ್ನೂ ಅವರ ಲೆಕ್ಕಕ್ಕೆ ಕೊಡಬಹುದಿತ್ತು.

ನಾಲ್ಕು ಗಂಟೆಗೆ ಎತ್ತಿದರು. ಗಂಡಸರು ಹೋದ ಮೇಲೆ ಮನೆ ತೊಳೆದೆವು. ಸಂಜೆ ಆರರ ಹೊತ್ತಿಗೆ ಪಕ್ಕದ ಮನೆಯ ಅಕ್ಕನೂ ನಾನೂ ಬೀದಿಯಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೆವು. ಎರಡು ಮನೆ ಆಚೆ ಯಾರೋ ಒಂದು ಮಗ್ಗ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ," ಎಂದೆ, "ಆ ಸೊನ್ನೆ ಒಂದು ಬಂದಿದ್ರೆ ಸಾಕಿತ್ತು. ಅದನ್ನ ನೋಡದೆ ಹೋಗಿಬಿಟ್ಟರಲ್ಲ."

ಅಕ್ಕ ಸೆರಗಿನಿಂದ ಕುರ್ಚಿಯ ಮೇಲಿನ ಹೂವಿನ ಎಸಳು ಕೊಡವುತ್ತ, ನನ್ನ ಕಡೆ ನೋಡದೆಯೇ ಹೇಳಿದರು:

"ಯಾವ ಸೊನ್ನೆ? ಅದು ಅವತ್ತೇ ಬಂದಾಯ್ತಲ್ಲಮ್ಮಾ. ನೀನು ಪೋತ್ತನೂರಲ್ಲಿ ಅಮ್ಮನ ಮನೇಲಿದ್ದೆ ನೋಡು, ಆವಾಗ. ತೆರುವಿಗೆಲ್ಲ ಮೈಸೂರ್ ಪಾಕ್ ಕೊಟ್ರು, ಕಣಕ್ಕು ಮುಗೀತು ಅಂತ. ನಿನಗೆ ಮಾತ್ರ ಸೊಲ್ಲಬೇಡಿ ಅಂದ್ರು, ಆ ಮಗು ವಾಪಸ್ ಬಂದಾಗ ಕೈಲಿ ಏನಾದ್ರೂ ಇರ್ಲಿ ಅಂತ. ಸರಿ, ಆ ಚೇರ್ ಎತ್ತಿ ಈ ಕಡೆ ಕೊಡು, ಪಂದಲ್‌ನವ್ರು ಕಾಯ್ತಾ ನಿಂತಿದ್ದಾರೆ."